ಒಂದೇ ಸಮನೆ ಬರುವ ಲಾಭ

ನಮ್ಮ ಅಬ್ಬಾ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು, ಅದರಲ್ಲಿ ನಾಲ್ಕು ಚರಕ, ಆಮೇಲೆ ಒಂದು ಕಾಟೇಜ್ ಬೇಸಿನ್. ಅಷ್ಟೇ ಅವರ ಕಾರ್ಖಾನೆ. ಬೆಳಗಿನ ನಮಾಜು ಮುಗಿಸಿ ಒಲೆ ಹೊತ್ತಿಸಿದರೆ ಬೇಯುವ ಗೂಡಿನ ವಾಸನೆ ಇಡೀ ಮೊಹಲ್ಲಾವನ್ನು ತುಂಬುತ್ತಿತ್ತು. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದ ನಾವು ಎಂಟಕ್ಕೆ ಕನ್ನಡ ಹೈಸ್ಕೂಲು ಸೇರಿದಾಗ, ಆ ವಾಸನೆ ನಮ್ಮ ಅಂಗಿಯಲ್ಲಿದೆ ಎಂಬುದು ಮೊದಲ ಸಲ ಗೊತ್ತಾಯಿತು. ಪಕ್ಕದ ಬೆಂಚಿನವರು ಮೂಗು ಹಿಡಿದುಕೊಂಡರು. ಆ ವಾಸನೆಯೇ ನಮ್ಮ ಅನ್ನವಾಗಿತ್ತು.

ರಜೆಯ ದಿನಗಳಲ್ಲಿ ಅಬ್ಬಾನ ಜೊತೆ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆವು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಕಡೆಯಿಂದ ರೈತರು ತಂದ ಗೂಡು ಸಾಲುಸಾಲಾಗಿ ಹರಡಿರುತ್ತಿತ್ತು. ಅಬ್ಬಾ ಒಂದು ಹಿಡಿ ಗೂಡು ಎತ್ತಿ ಹೆಬ್ಬೆರಳಿನಿಂದ ಅದುಮಿ ನೋಡುತ್ತಿದ್ದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೊನೆಗೆ ಒಂದು ಗೂಡನ್ನು ಕೊಯ್ದು ಒಳಗಿನ ಹುಳು ನೋಡಿಯೇ ಬೆಲೆ ಕೂಗುತ್ತಿದ್ದರು. ನಿನ್ನೆಯ ಬೆಲೆ ಇವತ್ತಿಗೆ ಇರುತ್ತಿರಲಿಲ್ಲ. ಕೆಲವು ದಿನ ನಗುತ್ತಾ ಮನೆಗೆ ಬರುತ್ತಿದ್ದರು, ಕೆಲವು ದಿನ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: “ರೇಟು ಅಂದ ಮೇಲೆ ಏರುತ್ತೆ, ಇಳಿಯುತ್ತೆ. ಏರದೆ ಇಳಿಯದೆ ತೆಪ್ಪಗೆ ಇರೋದು ಗೋರಿ ಮಾತ್ರ.”

ಅಬ್ಬಾನಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಸೂದ್ ಅಂದರೆ, ಬಡ್ಡಿ ಅಂದರೆ, ಹಂದಿ ಮಾಂಸದಷ್ಟೇ ದೂರ. ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಗೂಡು ಕೊಳ್ಳಲು ಕೈಯಲ್ಲಿ ನಗದು ಇಲ್ಲದ ದಿನ ಬೆಂಗಳೂರಿನ ನೂಲಿನ ವ್ಯಾಪಾರಿಯಿಂದ ಮುಂಗಡ ತರುತ್ತಿದ್ದರು. ಆತ ಬಡ್ಡಿ ಕೇಳುತ್ತಿರಲಿಲ್ಲ. ನೂಲು ಕೊಡುವಾಗ ಮಾತ್ರ ಕಿಲೋಗೆ ಇಷ್ಟು ಎಂದು ಮಾರುಕಟ್ಟೆಗಿಂತ ಕಡಿಮೆ ಬೆಲೆ ಹಿಡಿಯುತ್ತಿದ್ದ. ಅದು ಬಡ್ಡಿಯೇ, ಹೆಸರು ಮಾತ್ರ ಬೇರೆ ಎಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು. ಅಬ್ಬಾನಿಗೆ ಅದು ಮೊದಲೇ ಗೊತ್ತಿತ್ತೋ ಏನೋ. ಗೊತ್ತಿದ್ದೂ ಬೇರೆ ದಾರಿ ಇರಲಿಲ್ಲ.

ಮನೆಯ ಉಳಿತಾಯವೆಂದರೆ ಅಮ್ಮೀಯ ಬಳೆ, ಸರ, ಮತ್ತು ಮೊಹಲ್ಲಾದ ಹೆಂಗಸರು ಕಟ್ಟುತ್ತಿದ್ದ ಚೀಟಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿಯ ಗೂಡಿನ ಬೆಲೆ ಕುಸಿಯಿತು. ರೈತರು ಬೀದಿಗಿಳಿದರು. ದುಬಾರಿ ಗೂಡು ಕೊಂಡು ನೂಲು ಮಾಡಿಟ್ಟುಕೊಂಡಿದ್ದ ಅಬ್ಬಾನಂಥವರು ಬೀದಿಗೂ ಇಳಿಯಲಾರದೆ ಮನೆಯೊಳಗೇ ಕುಳಿತರು. ಎಲ್ಲೋ ದಿಲ್ಲಿಯಲ್ಲಿ ಒಂದು ಅಂಕಿ ಬದಲಾದರೆ ನಮ್ಮ ಶೆಡ್ಡಿನ ಒಲೆ ಆರುತ್ತದೆ ಎಂಬುದನ್ನು ಆ ವರ್ಷ ಕಂಡೆವು. ಎರಡು ವರ್ಷದ ನಂತರ ಸುಂಕವನ್ನು 15ಕ್ಕೆ ಏರಿಸಿದರು. ಅಷ್ಟರಲ್ಲಿ ಬೇಸಿನ್ ಮಾರಾಟವಾಗಿತ್ತು.

ಆಗ ಮನೆಯನ್ನು ಉಳಿಸಿದ್ದು ಅಮ್ಮೀಯ ಬಳೆಗಳು. ಹತ್ತು ವರ್ಷದ ಹಿಂದೆ ಹತ್ತು ಗ್ರಾಂಗೆ ನಾಲ್ಕೂವರೆ ಸಾವಿರದ ಆಸುಪಾಸಿನಲ್ಲಿದ್ದ ಚಿನ್ನ 2011ರಲ್ಲಿ 26 ಸಾವಿರ ದಾಟಿತ್ತು. ಅಡವಿಟ್ಟರೆ ಬಡ್ಡಿ ಕಟ್ಟಬೇಕೆಂದು ಅಮ್ಮೀ ಮಾರಿಯೇಬಿಟ್ಟರು. ಆವತ್ತಿನಿಂದ ನಮ್ಮ ಮನೆಯಲ್ಲಿ ಚಿನ್ನವೊಂದೇ ನಂಬಿಕೆಯ ವಸ್ತು ಎಂಬ ಮಾತು ಬೇರೂರಿತು. ಆದರೆ ಅದೇ ಚಿನ್ನ 2012ರಿಂದ 2015ರವರೆಗೆ ಏರುವುದಿರಲಿ, ಇಳಿಯುತ್ತಲೇ ಹೋಯಿತು. 2025ರಲ್ಲಿ ಹತ್ತು ಗ್ರಾಂಗೆ ಲಕ್ಷ ಮುಟ್ಟಿದಾಗ ಎಲ್ಲರೂ ಅದರ ಏರಿಕೆಯನ್ನೇ ಹೇಳಿದರು. ಆ ನಡುವಿನ ವರ್ಷಗಳಲ್ಲಿ ಮಗಳ ಮದುವೆಗೆಂದು ಇಟ್ಟಿದ್ದನ್ನು ಮಾರಬೇಕಾದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ನಾವು ಅಬ್ಬಾನ ಕಸುಬು ಹಿಡಿಯಲಿಲ್ಲ. 2007ರಲ್ಲಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟರಾದೆವು. ಬಿಡುವಿನಲ್ಲಿ ಕತೆ ಬರೆದೆವು. ಸಂಬಳ ಬ್ಯಾಂಕಿಗೆ ಬರುತ್ತಿತ್ತು. ಉಳಿತಾಯ ಖಾತೆಗೆ ಬಿದ್ದ ಬಡ್ಡಿಯನ್ನು, ನಮ್ಮ ಎಷ್ಟೋ ಮನೆಗಳಲ್ಲಿ ಮಾಡುವಂತೆ, ಬೇರೆ ತೆಗೆದು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡುತ್ತಿದ್ದೆವು. ಮಿಕ್ಕ ದುಡ್ಡು ಸುಮ್ಮನೆ ಬಿದ್ದಿರುತ್ತಿತ್ತು. ಹಾಗೆ ಬಿದ್ದಿರುವ ದುಡ್ಡು ಸುಮ್ಮನಿರುವುದಿಲ್ಲ, ಕರಗುತ್ತದೆ. ಇದಕ್ಕೊಂದು ಸುಲಭದ ಲೆಕ್ಕವಿದೆ. 72ನ್ನು ಬೆಲೆ ಏರಿಕೆಯ ಶೇಕಡಾವಾರಿನಿಂದ ಭಾಗಿಸಬೇಕು. ವರ್ಷಕ್ಕೆ ಶೇಕಡಾ ಆರರಷ್ಟು ಬೆಲೆ ಏರಿದರೆ ಹನ್ನೆರಡು ವರ್ಷದಲ್ಲಿ ನಮ್ಮ ನೂರು ರೂಪಾಯಿ ಐವತ್ತರ ಕೆಲಸ ಮಾಡುತ್ತದೆ. ಮಕ್ಕಳಿಗೆ ಈ ಲೆಕ್ಕ ಹೇಳಿಕೊಟ್ಟವರು ನಾವೇ. ನಮ್ಮ ಮನೆಯ ದುಡ್ಡಿಗೆ ಅದನ್ನು ಹಚ್ಚಿ ನೋಡಿರಲಿಲ್ಲ.

ಬಡ್ಡಿ ಬೇಡ, ಆದರೆ ದುಡ್ಡು ಬೆಳೆಯಬೇಕು ಎನ್ನುವವರು ಎಲ್ಲಿಗೆ ಹೋಗಬೇಕು? 2008ರಲ್ಲಿ ರಘುರಾಂ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಯೋಚಿಸಬೇಕೆಂದು ಸಲಹೆ ಮಾಡಿತ್ತು. ಕೆಲವು ವರ್ಷ ಅದರ ಚರ್ಚೆ ನಡೆದು, ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಈ ಖಾಲಿ ಜಾಗದಲ್ಲಿ ಅಂಗಡಿ ತೆರೆದವರು ಬೇರೆಯವರು.

ಬೆಂಗಳೂರಿನಲ್ಲಿ ಒಂದರ ಹಿಂದೊಂದು ಹಲಾಲ್ ಕಂಪನಿಗಳು ಹುಟ್ಟಿಕೊಂಡವು. ಚಿನ್ನದ ವ್ಯಾಪಾರ, ಜಮೀನಿನ ವ್ಯಾಪಾರ, ಲಾಭದಲ್ಲಿ ಪಾಲು. ಗಾಜಿನ ಬಾಗಿಲು, ಒಳಗೆ ಅತ್ತರಿನ ಪರಿಮಳ, ಗೋಡೆಯ ಮೇಲೆ ಆಯತ್ತು. ಲಕ್ಷಕ್ಕೆ ತಿಂಗಳಿಗೆ ಎರಡೂವರೆ ಸಾವಿರ. ನಮ್ಮ ಸಹೋದ್ಯೋಗಿಗಳು ಹಾಕಿದರು, ಸಂಬಂಧಿಕರು ಹಾಕಿದರು. ನಾವೂ ಒಂದು ಲಕ್ಷ ಹಾಕಿದೆವು. ಮೊದಲ ತಿಂಗಳ ಎರಡೂವರೆ ಸಾವಿರದಲ್ಲಿ ಮಕ್ಕಳಿಗೆ ಬೂಟು ಬಂತು.

ನಮ್ಮ ಆಪಾ, ಅಂದರೆ ಅಕ್ಕ, ಆಗಷ್ಟೇ ಇದ್ದತ್ ಮುಗಿಸಿದ್ದರು. ಭಾವ ಹೃದಯಾಘಾತದಿಂದ ಹೋಗಿದ್ದರು. ಅವರು ಕೆಲಸ ಮಾಡುತ್ತಿದ್ದ ಕಡೆಯಿಂದ ಬಂದದ್ದು, ಒಂದು ಚಿಕ್ಕ ನಿವೇಶನ ಮಾರಿ ಬಂದದ್ದು ಎಲ್ಲ ಸೇರಿ ಆರು ಲಕ್ಷ. ಓದುವ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳು. ಒಂದು ಭಾನುವಾರ ಆಪಾ ನಮ್ಮ ಮನೆಗೆ ಬಂದು ಕೇಳಿದರು: “ನೀನು ಓದಿದವನು. ಅಲ್ಲಿ ಹಾಕಲಾ?”

ಅಬ್ಬಾ ಮಂಚದ ಮೇಲೆ ಒರಗಿದ್ದರು. ನಾವು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: “ತಿಂಗಳಿಗೆ ಎಷ್ಟು ಕೊಡ್ತಾರೆ?”

“ಎರಡೂವರೆ ಸಾವಿರ ಅಬ್ಬಾ, ಲಕ್ಷಕ್ಕೆ.”

“ಪ್ರತಿ ತಿಂಗಳೂ ಅಷ್ಟೇನಾ?”

“ಪ್ರತಿ ತಿಂಗಳೂ.”

“ತಿಂಗಳು ತಿಂಗಳೂ ಒಂದೇ ಲಾಭ ಬರೋ ವ್ಯಾಪಾರ ಯಾವುದಪ್ಪಾ ಅದು?”

ನಾವು ನಕ್ಕೆವು. ಕಾಲ ಬದಲಾಗಿದೆ ಅಬ್ಬಾ, ಇದು ಗೂಡಿನ ಮಾರುಕಟ್ಟೆಯಲ್ಲ ಎಂದೆವು. ದೊಡ್ಡ ಆಲಿಮರು ಹೋಗಿ ನೋಡಿ ಬಂದಿದ್ದಾರೆ ಎಂದೆವು. ಆಪಾನ ಕಡೆ ತಿರುಗಿ, “ನಾವೂ ಹಾಕಿದ್ದೇವಲ್ಲ” ಎಂದೆವು. ಆ ಒಂದು ಮಾತೇ ಸಾಕಾಯಿತು. ಮರುವಾರ ಆರು ಲಕ್ಷವೂ ಹೋಯಿತು.

ನಾವು ಅಲ್ಲಿ ಸಹಿ ಮಾಡಿದ ಕಾಗದದ ಮೇಲ್ಭಾಗದಲ್ಲಿ ಬಿಸ್ಮಿಲ್ಲಾ ಇತ್ತು. ಉರ್ದುವಿನಲ್ಲಿ ಅಮಾನತ್, ಬರಕತ್ ಎಂಬ ಮಾತುಗಳಿದ್ದವು. ಅದರ ಕೆಳಗಿನ ಎರಡು ಪುಟ ಇಂಗ್ಲಿಷಿನಲ್ಲಿತ್ತು. ಉರ್ದು ಓದಿ ಸಮಾಧಾನಪಟ್ಟು ಇಂಗ್ಲಿಷಿಗೆ ಸಹಿ ಹಾಕಿದೆವು. ಠೇವಣಿ ಇಟ್ಟಿದ್ದೇವೆಂದು ನಾವು ತಿಳಿದಿದ್ದೆವು. ಕಾಗದದ ಪ್ರಕಾರ ನಾವು ಒಂದು ಎಲ್‌ಎಲ್‌ಪಿಯ ಪಾಲುದಾರರು, ಲಾಭಕ್ಕೂ ನಷ್ಟಕ್ಕೂ. ಎರಡು ಭಾಷೆಗಳಲ್ಲಿ ಓದು ಕಲಿತು, ಕತೆಗಳಲ್ಲಿ ಒಂದೊಂದು ಶಬ್ದಕ್ಕೂ ತಿಣುಕಾಡುವ ನಾವು ನಮ್ಮ ಅಕ್ಕನ ಅನ್ನದ ಕಾಗದವನ್ನು ಓದಿರಲಿಲ್ಲ.

ಅಬ್ಬಾ 2017ರಲ್ಲಿ ತೀರಿಕೊಂಡರು. ಆಮೇಲಿನ ಎರಡು ವರ್ಷಗಳಲ್ಲಿ ಇಂಥ ಕಂಪನಿಗಳು ಒಂದಾದ ಮೇಲೊಂದು ಬಿದ್ದವು. ನಮ್ಮದೂ ಬಿತ್ತು. ಬಾಗಿಲು ಮುಚ್ಚಿದ ಕಚೇರಿಯ ಮುಂದೆ ನಿಂತಿದ್ದವರಲ್ಲಿ ಹೆಚ್ಚಿನವರು ಬುರ್ಖಾ ಹಾಕಿದ ಹೆಂಗಸರು. ಮೆಹರಿನ ದುಡ್ಡು, ಹೊಲಿಗೆಯ ದುಡ್ಡು, ಹಜ್ಜಿಗೆಂದು ಇಟ್ಟ ದುಡ್ಡು. ಆಪಾ ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಬಯ್ಯಲಿಲ್ಲ, ಅಳಲಿಲ್ಲ. “ಊಟ ಮಾಡಿದ್ಯಾ?” ಎಂದು ನಮ್ಮನ್ನು ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಠೇವಣಿದಾರರ ಹಿತ ಕಾಯುವ 2004ರ ಕರ್ನಾಟಕದ ಕಾಯಿದೆಯೊಂದಿದೆ. ಅದರಂತೆ ಸರ್ಕಾರ ನೇಮಿಸಿದ ಅಧಿಕಾರಿ ಕಂಪನಿಯ ಆಸ್ತಿ ಜಪ್ತಿ ಮಾಡಿ, ನ್ಯಾಯಾಲಯದ ಮೂಲಕ ಮಾರಿ, ಬಂದದ್ದನ್ನು ಹಂಚಬೇಕು. ಅರ್ಜಿ ತುಂಬಲು ಆಪಾನನ್ನು ಕರೆದುಕೊಂಡು ಹೋದೆವು. ಹಾಕಿದ್ದು ಆರು ಲಕ್ಷ. ತಿಂಗಳಿಗೆ ಹದಿನೈದು ಸಾವಿರದಂತೆ ಇಪ್ಪತ್ತೆರಡು ತಿಂಗಳು ಬಂದದ್ದು ಮೂರು ಲಕ್ಷ ಮೂವತ್ತು ಸಾವಿರ. ಮೇಜಿನಾಚೆಯ ಗುಮಾಸ್ತರು ಅದನ್ನು ಅಸಲಿನಲ್ಲಿ ಕಳೆದು ಎರಡು ಲಕ್ಷ ಎಪ್ಪತ್ತು ಸಾವಿರ ಎಂದು ಬರೆದರು.

“ಅದು ಲಾಭ ಅಲ್ವಾ ಸಾರ್?” ಎಂದು ಆಪಾ ಕೇಳಿದರು.

“ಲಾಭ ಎಲ್ಲಿತ್ತಮ್ಮಾ? ನಿಮ್ಮ ದುಡ್ಡನ್ನೇ ನಿಮಗೆ ತಿಂಗಳು ತಿಂಗಳು ಕೊಟ್ಟಿದ್ದಾರೆ. ನಿಮ್ಮದು ಸಾಲದಿದ್ದಾಗ ಹಿಂದೆ ಬಂದವರದ್ದು ಕೊಟ್ಟಿದ್ದಾರೆ.”

ಮಕ್ಕಳ ಬೂಟು ನೆನಪಾಯಿತು. ಅದು ಯಾರ ದುಡ್ಡಿನದೋ.

ನಾವು ಬಹಳ ಯೋಚಿಸಿದೆವು. ಬಡ್ಡಿ ಹೌದೋ ಅಲ್ಲವೋ ಎಂದು ಹತ್ತು ಜನರನ್ನು ಕೇಳಿದ್ದ ನಾವು, ವ್ಯಾಪಾರ ಹೌದೋ ಅಲ್ಲವೋ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ತು ಎರಡನೆಯ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಸಾಕ್ಷಿ ಇಟ್ಟು, ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡುವ ಬಗ್ಗೆ ಇದೆ. ಚಿಕ್ಕಂದಿನಿಂದ ಎಷ್ಟೋ ಸಲ ಓದಿದ್ದೆವು. ಬರೆದಿಡಬೇಕೆಂದರೆ ಕೇಳಬೇಕು, ತಿಳಿಯಬೇಕು, ಓದಬೇಕು ಎಂದು ಅರ್ಥವಾಗಿರಲಿಲ್ಲ. ನಂಬಿಕೆಯವರನ್ನು ಲೆಕ್ಕ ಕೇಳುವುದು ಬೇಅದಬಿ ಎಂದುಕೊಂಡಿದ್ದೆವು.

ಆಮೇಲೆ ಓದತೊಡಗಿದೆವು. ಕತೆ ಬರೆಯುವ ಹೊತ್ತನ್ನು ಕದ್ದು ಓದಿದೆವು. ಮುಂಬಯಿಯ ಷೇರುಪೇಟೆಯಲ್ಲಿ ಷರೀಅತ್ತಿಗೆ ಒಪ್ಪುವ ಕಂಪನಿಗಳದ್ದೇ ಒಂದು ಸೂಚ್ಯಂಕ 2010ರಿಂದ ಇದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಬ್ಯಾಂಕು, ಹೆಂಡ, ಜೂಜು ಇವುಗಳ ಕಂಪನಿಗಳನ್ನು ಅದರಲ್ಲಿ ಬಿಡುತ್ತಾರೆ. ಮಿತಿಮೀರಿ ಸಾಲ ಮಾಡಿದ ಕಂಪನಿಗಳನ್ನೂ ಬಿಡುತ್ತಾರೆ. ಇದೇ ಬಗೆಯ ಕಂಪನಿಗಳಲ್ಲಿ ದುಡ್ಡು ಹೂಡುವ ಮ್ಯೂಚುವಲ್ ಫಂಡುಗಳೂ ಇವೆ. ಸೆಬಿಯಲ್ಲಿ ನೋಂದಣಿಯಾದವು, ಯಾವ ಕಂಪನಿಯಲ್ಲಿ ಎಷ್ಟು ಹಾಕಿದ್ದೇವೆಂದು ತಿಂಗಳು ತಿಂಗಳು ಹೇಳಬೇಕಾದವು. ನಾವು ಅತ್ತರಿನ ಕಚೇರಿಗೆ ಹೋಗುವಾಗ ಇವು ಇದ್ದವು. ಆದರೆ ಅವು ಖಂಡಿತ ಇಷ್ಟೇ ಲಾಭ ಎಂದು ಹೇಳುವುದಿಲ್ಲ. ಖಂಡಿತ ಎಂದವರ ಕಡೆಗೆ ನಾವು ಹೋದೆವು.

ನಮ್ಮಾಕೆ ಧೈರ್ಯ ಮಾಡಿ 2019ರ ಕೊನೆಯಲ್ಲಿ ಅಂಥ ಒಂದು ಫಂಡಿಗೆ ತಿಂಗಳಿಗೆ ಸಾವಿರ ರೂಪಾಯಿ ಕಟ್ಟತೊಡಗಿದರು. ಮೂರು ತಿಂಗಳಿಗೆ ಕೊರೋನಾ ಬಂತು. ಜನವರಿಯಲ್ಲಿ 42 ಸಾವಿರ ದಾಟಿದ್ದ ಸೆನ್ಸೆಕ್ಸ್ 2020ರ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಬಿತ್ತು. “ಇದೂ ಹೋಯಿತು” ಎಂದೆವು. ಆಕೆ ಮೊಬೈಲು ತೋರಿಸಿ, “ಹೋಗಿಲ್ಲ, ಇಳಿದಿದೆ. ನೋಡಿ, ಎಷ್ಟು ಇಳಿದಿದೆ ಅಂತ ಬರೆದಿದ್ದಾರೆ” ಎಂದರು. ಆ ವರ್ಷದ ಕೊನೆಗೆ ಅದು 47 ಸಾವಿರ ದಾಟಿತು. ಏರಿತೆಂದು ಇದನ್ನು ಹೇಳುತ್ತಿಲ್ಲ. ಏರದೆಯೂ ಇರಬಹುದಿತ್ತು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿ ಅದೇ ಅಕ್ಟೋಬರಿನಲ್ಲಿ 9 ಸಾವಿರದ ಕೆಳಗಿಳಿದಾಗ, ಹಾಕಿದವರು ವರ್ಷಗಟ್ಟಲೆ ಕಾದರು. ನಮಗೆ ತಿಳಿದದ್ದು ಬೇರೆ. ಇಳಿಯುವುದು ಕಣ್ಣಿಗೆ ಕಾಣಿಸುವ ಜಾಗ ಒಂದಿದೆ, ಅಲ್ಲಿ ಹೆದರಿಕೆಯಾಗುತ್ತದೆ. ಏನೂ ಇಳಿಯದ ಜಾಗ ಇನ್ನೊಂದಿದೆ, ಅಲ್ಲಿ ನೆಮ್ಮದಿಯಾಗಿರುತ್ತದೆ, ಒಂದು ದಿನ ಎಲ್ಲವೂ ಒಟ್ಟಿಗೆ ಹೋಗುವವರೆಗೆ. ಅಬ್ಬಾ ಇಡೀ ಬದುಕನ್ನು ಮೊದಲನೆಯ ಜಾಗದಲ್ಲಿ ಕಳೆದವರು. ಅದಕ್ಕೇ ಅವರಿಗೆ ಆ ಪ್ರಶ್ನೆ ಹೊಳೆಯಿತು.

ಹಾಗೆಂದು ಆಪಾನನ್ನು ಷೇರುಪೇಟೆಗೆ ಕಳಿಸಲಿಲ್ಲ. ಎರಡು ವರ್ಷದಲ್ಲಿ ಮಗಳ ಮದುವೆಗೆ ಬೇಕಾದ ದುಡ್ಡು ಇಳಿಯುವ ಜಾಗದಲ್ಲಿ ಇರಕೂಡದು. ಹತ್ತು ಹದಿನೈದು ವರ್ಷ ಕೈ ಹಾಕದ ದುಡ್ಡಿಗೆ ಮಾತ್ರ ಅಲ್ಲಿ ಕಾಯುವ ತಾಳ್ಮೆ ಇರುತ್ತದೆ. ಅವರ ಕೈಯಲ್ಲಿ ಉಳಿದದ್ದು ಈಗ ಬ್ಯಾಂಕಿನಲ್ಲಿದೆ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಐದು ಲಕ್ಷದವರೆಗಿನ ಠೇವಣಿಗೆ ವಿಮೆಯ ರಕ್ಷಣೆ ಇದೆ. ಬಡ್ಡಿಯನ್ನು ಆಪಾ ತೆಗೆದು ಕೊಟ್ಟುಬಿಡುತ್ತಾರೆ. ಬೆಲೆ ಏರಿಕೆಯಲ್ಲಿ ಅಸಲು ಕರಗುತ್ತದೆಂದು ಅವರಿಗೆ ಗೊತ್ತು. “ಕರಗೋದು ನನಗೆ ಕಾಣಿಸುತ್ತಲ್ಲ, ಸಾಕು” ಎನ್ನುತ್ತಾರೆ.

ನಮ್ಮದೇ ಒಂದು ವಿಷಯವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರಾದ ನಮಗೆ ಎನ್‌ಪಿಎಸ್. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ ಹತ್ತು ಕಡಿತವಾಗುತ್ತಲೇ ಬಂದಿದೆ. ಅದರ ಹೆಚ್ಚಿನ ಪಾಲು ಸರ್ಕಾರಿ ಬಾಂಡುಗಳಿಗೆ, ಸ್ವಲ್ಪ ಷೇರುಗಳಿಗೆ ಹೋಗುತ್ತದೆ. ಬಾಂಡೆಂದರೆ ಬಡ್ಡಿಯೇ. ಮಾರುಕಟ್ಟೆಯಿಂದಲೂ ಬಡ್ಡಿಯಿಂದಲೂ ದೂರವಿದ್ದೇವೆಂದು ಬೀಗುತ್ತಿದ್ದ ನಾವು ಎಷ್ಟೋ ವರ್ಷಗಳಿಂದ ಎರಡರ ಒಳಗಿದ್ದೆವು. ಸಂಬಳದ ಚೀಟಿಯಲ್ಲಿ ಆ ಸಾಲು ಪ್ರತಿ ತಿಂಗಳೂ ಇತ್ತು. ನಾವು ಕೊನೆಯ ಸಾಲನ್ನು ಮಾತ್ರ ಓದುತ್ತಿದ್ದೆವು. ಇದಕ್ಕೆ ಪರಿಹಾರವೇನೆಂದು ಆಲಿಮರು ಬೇರೆ ಬೇರೆ ಹೇಳುತ್ತಾರೆ. ನಾವು ಹೇಳುವುದು ಇಷ್ಟೇ: ತಿಳಿಯದೆ ಪವಿತ್ರರಾಗಿರುವುದಕ್ಕಿಂತ ತಿಳಿದು ಕಸಿವಿಸಿಪಡುವುದು ಮೇಲು.

ರಂಜಾನ್ ತಿಂಗಳಲ್ಲಿ ಝಕಾತ್ ಲೆಕ್ಕ ಹಾಕಲು ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆಯುತ್ತಾರೆ. ಚಿನ್ನ ಎಷ್ಟು, ಬೆಳ್ಳಿ ಎಷ್ಟು, ಕೊಟ್ಟದ್ದೆಷ್ಟು, ತಂದದ್ದೆಷ್ಟು. ಇದ್ದುದರಲ್ಲಿ ಎರಡೂವರೆ ಶೇಕಡಾ ತೆಗೆಯಬೇಕಾದರೆ ಇದ್ದುದೆಷ್ಟೆಂದು ಗೊತ್ತಿರಲೇಬೇಕು. ಹಿಂದೆಲ್ಲ ಗಂಡಸರು ಬಾಯಲ್ಲೇ ಅಂದಾಜು ಹೇಳಿ ಮುಗಿಸುತ್ತಿದ್ದೆವು. ಈಗ ಆ ದಿನ ಆಪಾ, ಅವರ ಹೆಣ್ಣುಮಕ್ಕಳು, ನಮ್ಮಾಕೆ, ನಮ್ಮ ಮಕ್ಕಳು ಎಲ್ಲರೂ ಸುತ್ತ ಕೂರುತ್ತಾರೆ. ಒಂದು ಉದ್ದದ ನೋಟ್‌ಬುಕ್ಕಿದೆ. ದುಡ್ಡು ಎಲ್ಲಿದೆ, ಯಾರ ಹೆಸರಲ್ಲಿದೆ, ಕಾಗದ ಯಾವ ಕವರಿನಲ್ಲಿದೆ, ನಾಳೆ ನಾವಿಲ್ಲದಿದ್ದರೆ ಯಾರಿಗೆ ಸೇರಬೇಕು. ಭಾವ ಹೋದಾಗ ಅವರ ವಿಮೆಯ ಪಾಲಿಸಿ ಎಲ್ಲಿದೆಯೆಂದು ಆಪಾನಿಗೆ ಗೊತ್ತಿರಲಿಲ್ಲ. ಅದನ್ನು ಹುಡುಕಲು ನಾಲ್ಕು ತಿಂಗಳು ಹಿಡಿದಿತ್ತು.

ಕಳೆದ ಸಲ ಆ ಹೊತ್ತಿಗೆ ಖಾಲಾನ ಮಗ ಬಂದ. ಮೊಬೈಲಿನಲ್ಲಿ ಯಾವುದೋ ಗುಂಪು, ದಿನಕ್ಕೆ ಶೇಕಡಾ ಒಂದು ಕೊಡುತ್ತಾರಂತೆ, ಅವನ ಗೆಳೆಯನಿಗೆ ಬಂದಿದೆಯಂತೆ. ನಾವು ಏನು ಹೇಳುವುದೆಂದು ಯೋಚಿಸುತ್ತಿದ್ದೆವು. ಆಪಾ ಖರ್ಜೂರದ ಬೀಜ ತಟ್ಟೆಗೆ ಹಾಕಿ ಕೇಳಿದರು: “ದಿನಾ ಒಂದೇ ಲಾಭ ಬರೋ ವ್ಯಾಪಾರ ಯಾವುದಪ್ಪಾ ಅದು?” ಹುಡುಗ ನಕ್ಕ, ನಾವು ಅಂದು ನಕ್ಕ ಹಾಗೆಯೇ. ಅವನು ಹಾಕಿದನೋ ಬಿಟ್ಟನೋ ತಿಳಿಯದು.

ಆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಲೆಕ್ಕವಿದೆ. ಜಪ್ತಿಯಾದ ಆಸ್ತಿಯಿಂದ ಆಪಾನಿಗೆ ಬಂದದ್ದು ಅರವತ್ತು ಸಾವಿರ. ಬಾರದೆ ಉಳಿದದ್ದು ಎರಡು ಲಕ್ಷ ಹತ್ತು ಸಾವಿರ. ಅದನ್ನು ನಾವು ಕೊಡುತ್ತೇವೆಂದಾಗ ಆಪಾ ಒಪ್ಪಲಿಲ್ಲ. “ನಿನ್ನದೂ ಹೋಗಿದೆಯಲ್ಲ” ಎಂದರು. ನಮ್ಮದು ನಮ್ಮ ಮಾತಿನಿಂದ ಹೋಯಿತು ಆಪಾ, ನಿಮ್ಮದೂ ನಮ್ಮ ಮಾತಿನಿಂದಲೇ ಹೋಯಿತು ಎಂದೆವು. ತಿಂಗಳುಗಟ್ಟಲೆ ಬೇಡವೆಂದವರು ಕೊನೆಗೆ ಒಂದು ಷರತ್ತು ಹಾಕಿದರು. ಸಹಾಯವೆಂದರೆ ಬೇಡ, ಸಾಲವೆಂದು ಬರೆಯಬೇಕು, ಇಬ್ಬರ ಸಾಕ್ಷಿ ಬೇಕು. ನಮ್ಮಾಕೆ ಮತ್ತು ಆಪಾನ ದೊಡ್ಡ ಮಗಳು ಸಹಿ ಹಾಕಿದರು. ತಿಂಗಳಿಗೆ ಎರಡು ಸಾವಿರ.

ಪ್ರತಿ ತಿಂಗಳು ಸಂಬಳವಾದ ಮರುದಿನ ಆಪಾನ ಮನೆಗೆ ಹೋಗುತ್ತೇವೆ. ಆಪಾ ಕನ್ನಡಕ ಹಾಕಿಕೊಂಡು ತಾರೀಖು ಬರೆದು, ಮೊತ್ತ ಬರೆದು, ಕಳೆದು, ಉಳಿದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಚಹಾ ಕೊಡುತ್ತಾರೆ. ಇನ್ನೂ ಕೆಲವು ವರ್ಷದ ಕಂತು ಬಾಕಿ ಇದೆ.